ಎಳೆದರೆ ಬಿಚ್ಚುವ ಗಂಟು

ನಮ್ಮ ಮನೆಯಲ್ಲಿ ಗಂಟು ಎಂದರೆ ಬಿಚ್ಚಬಾರದ್ದು. ತೊಟ್ಟಿಲಿನ ಹಗ್ಗ, ರೈಲಿಗೆ ಒಯ್ಯುವ ಹಾಸಿಗೆ ಸುರುಳಿ, ಚಕ್ಕುಲಿ ಡಬ್ಬದ ಬಾಯಿಗೆ ಕಟ್ಟುವ ಬಟ್ಟೆ, ಎಲ್ಲಕ್ಕೂ ಒಂದೇ ಗಂಟು: ಬ್ರಹ್ಮಗಂಟು. ಹಬ್ಬದ ದಿನ 'ಬಿಚ್ಚು' ಎಂಬ ಮಾತನ್ನು ಆಡಲೂ ನಮ್ಮ ಅತ್ತೆ ಬಿಡುತ್ತಿರಲಿಲ್ಲ. ಚಕ್ಕುಲಿ ಬೇಕಿದ್ದರೆ 'ಡಬ್ಬ ಸಡಿಲ ಮಾಡು' ಎನ್ನಬೇಕಿತ್ತು. ನಾನು ಹೊಲಿಗೆ ಕಲಿತವಳು, ಬ್ಲೌಸು, ದಿಂಬಿನ ಚೀಲ, ಮಗಳ ಸ್ಕೂಲ್ ಬ್ಯಾಗು ಎಲ್ಲ ನನ್ನ ಮಿಷನ್ನಿನಲ್ಲೇ ಆಗುತ್ತಿದ್ದವು. ನಾನು ಹಾಕಿದ ಹೊಲಿಗೆ ಬಿಟ್ಟಿತು, ಗಂಟು ಕಳಚಿತು ಎಂದು ಯಾರೂ ಹೇಳಿದ್ದಿಲ್ಲ. ಅದೇ ನನ್ನ ಜಂಬ.

ಇಂಥ ಮನೆಗೆ ಮೀನಿನ ಹುಚ್ಚು ಹೇಗೆ ಬಂತು ಎಂದು ಕೇಳಬೇಕಾದ್ದೇ. ನಮ್ಮದು ಈರುಳ್ಳಿಗೂ ಮುಖ ಸಿಂಡರಿಸುತ್ತಿದ್ದ ಚಾಮರಾಜಪೇಟೆಯ ಮನೆ. ಇವರು, ಅಂದರೆ ನನ್ನ ಗಂಡ, ಬ್ಯಾಂಕಿನ ಗುಮಾಸ್ತರು. ವರ್ಗವಾಗಿ ನೀಲಗಿರಿಯಲ್ಲಿ ಕೆಲವು ವರ್ಷ ಒಬ್ಬರೇ ಇದ್ದರು. ಅಲ್ಲಿ ಅದೇ ಶಾಖೆಯಲ್ಲಿದ್ದ ಸ್ನೇಹಿತರೊಬ್ಬರು ಒಂದು ಭಾನುವಾರ ಇವರನ್ನು ಬೆಟ್ಟದ ಮೇಲಿನ ಹಳ್ಳಕ್ಕೆ ಕರೆದುಕೊಂಡು ಹೋಗಿ ಕೈಗೆ ಗಾಳದ ಕೋಲು ಕೊಟ್ಟರು. ಅಲ್ಲಿಯ ತಣ್ಣೀರಿನಲ್ಲಿ ಟ್ರೌಟ್ ಎಂಬ ಮೀನಿದೆಯಂತೆ. ಬಿಳಿಯರು ತಮ್ಮ ಖುಷಿಗೆಂದು ತಂದು ಬಿಟ್ಟು, ತಾವು ಹೋಗಿ, ಅದನ್ನು ಇಲ್ಲೇ ಉಳಿಸಿದ್ದು. ಅದನ್ನು ಹಿಡಿಯಲು ಎರೆಹುಳು ಬೇಡ. ಗರಿ, ದಾರ ಸುತ್ತಿ ಮಾಡಿದ ಸುಳ್ಳು ನೊಣ ಸಾಕು. ದಡದಲ್ಲಿ ಕೂತು ಹಿಡಿಯುವ ಹಾಗಿಲ್ಲ, ಎದೆಯವರೆಗೆ ಬರುವ ರಬ್ಬರ್ ಷರಾಯಿ ಹಾಕಿಕೊಂಡು ಹರಿಯುವ ನೀರಿನಲ್ಲಿ ಇಳಿದು ನಿಲ್ಲಬೇಕು. ಹಿಡಿದ ಮೀನನ್ನು ಇವರು ತಿನ್ನುವವರಲ್ಲ, ನೀರಿನಲ್ಲೇ ಕೊಕ್ಕೆ ಬಿಡಿಸಿ ಬಿಟ್ಟುಬಿಡುತ್ತಿದ್ದರು. ಬೆಟ್ಟ ಅಗೆದು ಇಲಿ ಹಿಡಿದವರ ಕೈಯಲ್ಲಿ ಕೊನೆಗೆ ಇಲಿಯಾದರೂ ಇರುತ್ತದೆ. ಇವರು ಬೆಟ್ಟ ಹತ್ತಿ, ಮೀನು ಹಿಡಿದು, ಅದನ್ನೂ ಬಿಟ್ಟು, ನೆಗಡಿ ಮಾತ್ರ ಮನೆಗೆ ತರುತ್ತಿದ್ದರು.

ಅತ್ತೆ ಒಂದು ದಿನ ಕೇಳಿದರು. "ಹಿಡಿಯೋದು ಪಾಪ, ಬಿಡೋದು ಪುಣ್ಯ. ಅಲ್ಲಿಗಲ್ಲಿಗೆ ಸರಿಹೋಯ್ತಲ್ಲೋ. ಮತ್ಯಾಕೆ ಹೋಗ್ತೀಯ?"

ಅತ್ತೆ ಆ ಸಾಮಾನನ್ನು ನಡುಮನೆ ದಾಟಲು ಬಿಡಲಿಲ್ಲ. ಅಂಗಳದ ಮೂಲೆಯಲ್ಲಿ ಒಂದು ಟ್ರಂಕಿನಲ್ಲಿ ಅದರ ವಾಸ. ಅತ್ತೆ ಹೋದ ಮೇಲೂ ಟ್ರಂಕು ಒಳಗೆ ಬರಲಿಲ್ಲ. ಅಭ್ಯಾಸ.

ಬೆಂಗಳೂರಿಗೆ ವಾಪಸು ಬಂದ ಮೇಲೂ ಇಬ್ಬರೂ ಸ್ನೇಹಿತರು ವರ್ಷಕ್ಕೊಮ್ಮೆ ಮಳೆಗಾಲ ಕಳೆದ ಮೇಲೆ ಅನುಮತಿ ಚೀಟಿ ತೆಗೆದುಕೊಂಡು ಆ ಹಳ್ಳಕ್ಕೆ ಹೋಗಿಬರುತ್ತಿದ್ದರು. ಮೊದಮೊದಲು ಇವರು ಸಾಮಾನನ್ನು ಒಂದು ಹೆಗಲಚೀಲದಲ್ಲಿ ಒಯ್ಯುತ್ತಿದ್ದರು. ಅದು ಒಂದೇ ಪಕ್ಕಕ್ಕೆ ಜಗ್ಗುತ್ತಿತ್ತು. ಮೀನು ಬಿಡಲು ಬಗ್ಗಿದಾಗಲೆಲ್ಲ ಮುಂದಕ್ಕೆ ಜಾರಿ ನೀರಿನಲ್ಲಿ ಅದ್ದಿಕೊಂಡು ಬರುತ್ತಿತ್ತು. ಹೆಗಲು ನೋವು ಎಂದು ಬಂದು ಮಲಗಿದವರಿಗೆ ಎಣ್ಣೆ ತಿಕ್ಕುವವಳು ನಾನು. "ಎದೆ ಮೇಲೆ ಕೂರೋ ಹಾಗೆ ಒಂದು ಚೀಲ ಹೊಲ್ಕೊಡ್ತೀಯಾ?" ಎಂದರು. ಹೊಲಿದೆ. ನನಗೆ ಜೇಬು ಎಂದರೆ ಪ್ರೀತಿ, ಇಡೀ ಚೀಲಕ್ಕೆ ಜೇಬೇ ಜೇಬು ಇಟ್ಟೆ. ಜೇಬಿದ್ದ ಮೇಲೆ ತುಂಬದೆ ಇರುತ್ತಾರೆಯೇ? ಕೋಡುಬಳೆ, ಮಳೆಯಂಗಿ, ಇನ್ನೊಂದು ಕನ್ನಡಕ, ಅಮೃತಾಂಜನ. ಆ ಚೀಲ ತೊಟ್ಟು ನಿಂತರೆ ಇವರ ಪಾದ ಇವರಿಗೇ ಕಾಣುತ್ತಿರಲಿಲ್ಲ. ಅರ್ಧ ಪಾದವನ್ನು ಹೊಟ್ಟೆ ಮೊದಲೇ ಮರೆಮಾಡಿತ್ತು, ಉಳಿದದ್ದನ್ನು ನನ್ನ ಚೀಲ ಮರೆಮಾಡಿತು.

ಅದಕ್ಕೆ ಪಟ್ಟಿ ಕಟ್ಟಿದ್ದು ನಮ್ಮ ಮನೆಯ ಪದ್ಧತಿಯ ಪ್ರಕಾರ. ಎರಡು ತುದಿ ಸೇರಿಸಿ ಹಿಂದುಗಡೆ ಬ್ರಹ್ಮಗಂಟು ಹಾಕಿ, ಅದರ ಮೇಲೆ ಹೊಲಿಗೆಯನ್ನೂ ಓಡಿಸಿದೆ. ಹಾರ ಹಾಕಿಕೊಂಡ ಹಾಗೆ ತಲೆಯ ಮೇಲಿಂದ ತೊಡಬೇಕು. ನೀರಿನಲ್ಲಿ ಕಳಚಿ ಹೋಗಬಾರದಲ್ಲ!

ಆ ವರ್ಷ ಇವರು ಪಾಚಿಗಲ್ಲಿನ ಮೇಲೆ ಜಾರಿ ಬಿದ್ದರು. ಮೊಳಕಾಲಿಗಿಂತ ಸ್ವಲ್ಪ ಮೇಲಿದ್ದ ನೀರು. ಆದರೆ ಜೇಬುಗಳೆಲ್ಲ ನೀರು ಕುಡಿದು ಕಲ್ಲಿನ ಹಾಗೆ ಭಾರವಾಗಿ ಮುಖ ಕೆಳಗೆ ಹಿಡಿದು ಎಳೆದವು. ತೆಗೆಯೋಣವೆಂದರೆ ಪಟ್ಟಿ ಟೋಪಿಗೆ, ಕನ್ನಡಕಕ್ಕೆ ಸಿಕ್ಕಿಕೊಂಡು ತಲೆ ದಾಟಿ ಬರಲಿಲ್ಲ. ಸ್ನೇಹಿತರು ಓಡಿ ಬಂದು ಚಾಕುವಿನಿಂದ ಪಟ್ಟಿ ಕತ್ತರಿಸಿದರು. ಮನೆಗೆ ಬಂದ ಇವರು ಕತ್ತರಿಸಿದ ಪಟ್ಟಿಯನ್ನು ನನ್ನ ಮುಂದೆ ಹಿಡಿದು ನಕ್ಕರು. "ನಾನು ಹೋಗ್ತಿದ್ದೆ ಕಣೇ, ನಿನ್ನ ಗಂಟು ಮಾತ್ರ ಇರ್ತಿತ್ತು ನೋಡು, ಗಟ್ಟಿಯಾಗಿ."

ನನಗೆ ಸಿಟ್ಟು ನೆತ್ತಿಗೇರಿತು. "ನೀರಲ್ಲಿ ಬಿಚ್ಕೋಬೇಕು ಅಂತ ಮೊದಲೇ ಬಾಯಿಬಿಟ್ಟು ಹೇಳೋಕೇನಾಗಿತ್ತು ನಿಮಗೆ?" ಎಂದು ಕೂಗಾಡಿದೆ. ಅವರಿಗೂ ಗೊತ್ತಿರಲಿಲ್ಲ, ಪಾಪ. ಅವರೂ ಈ ಮನೆಯ ಮಗನೇ ಅಲ್ಲವೇ? ಗಂಟು ಎಂದರೆ ಬಿಚ್ಚಬಾರದ್ದು ಎಂದೇ ಬೆಳೆದವರು.

ಆಮೇಲೆ ಇಬ್ಬರೂ ಕೂತು ಕಲಿತೆವು. ಚೀಲ ಚಿಕ್ಕದಾಯಿತು. ಎದೆಯ ಮೇಲ್ಭಾಗಕ್ಕೆ ಏರಿತು, ಪಾದ ಕಾಣುವ ಹಾಗೆ. ನೊಣದ ಡಬ್ಬಿ, ದಾರ, ಕೊಕ್ಕೆ ಬಿಡಿಸುವ ಚಿಮುಟ, ಇಷ್ಟು ಬಿಟ್ಟು ಬೇರೆ ಯಾವುದಕ್ಕೂ ಜಾಗವಿಲ್ಲ. ಜೋತಾಡುವುದೆಲ್ಲ ಒಳಕ್ಕೆ. ತಳದಲ್ಲಿ ನೀರು ಇಳಿದುಹೋಗಲು ತೂತು. ಸೊಂಟಕ್ಕೊಂದು ಅಗಲ ಪಟ್ಟಿ, ಷರಾಯಿಯ ಹೊರಗಡೆ ಬಿಗಿಯಾಗಿ. ಬಿದ್ದರೆ ಅದರ ಕಾಲುಗಳೊಳಗೆ ನೀರು ತುಂಬಬಾರದು. ಕೈಯಲ್ಲೊಂದು ಊರುಗೋಲು. ಎಲ್ಲಕ್ಕಿಂತ ಮುಖ್ಯ, ಗಂಟು. ಎದೆಯ ಪಟ್ಟಿಗೂ ಸೊಂಟದ ಪಟ್ಟಿಗೂ ಜೀರುಗುಣಿಕೆ. ಪೈಜಾಮದ ಲಾಡಿಗೆ ಹಾಕುತ್ತೇವಲ್ಲ, ಅದೇ. ಎಷ್ಟು ಜಗ್ಗಿದರೂ ನಿಲ್ಲುತ್ತದೆ, ತುದಿ ಹಿಡಿದು ಎಳೆದರೆ ಸರಕ್ಕನೆ ಬಿಚ್ಚಿಕೊಳ್ಳುತ್ತದೆ. ಮಂಜಾದ ಕಣ್ಣಿಗೂ, ಮರಗಟ್ಟಿದ ಕೈಗೂ ತುದಿ ಸಿಗಲಿ ಎಂದು ಮಗಳ ಹಳೆಯ ಚನ್ನಪಟ್ಟಣದ ಗೊಂಬೆಯ ತಲೆಯನ್ನು, ಕೆಂಪು ಅರಗಿನ ತಲೆಯನ್ನು, ಎದೆಯ ಪಟ್ಟಿಯ ತುದಿಗೆ ಪೋಣಿಸಿದೆ. ಇವರಿಗೆ ಅದು ಎಷ್ಟು ಇಷ್ಟವಾಯಿತೆಂದರೆ, ಟಿವಿ ನೋಡುವಾಗಲೂ ಚೀಲ ತೊಟ್ಟು ಕೂತು ಎಳೆದು ಬಿಚ್ಚುವುದು, ಮತ್ತೆ ಕಟ್ಟುವುದು. ನಾನು ಬಾಯಿಗೆ ಬಂದದ್ದು ಅಂದದ್ದುಂಟು. ಆ ಸರಕ್ ಸದ್ದು ಮಾತ್ರ ನನಗೂ ಇಷ್ಟವಾಗಿತ್ತು.

ಅಭ್ಯಾಸಕ್ಕೆ ಹಳ್ಳ ಎಲ್ಲಿಂದ ತರುವುದು? ಇವರಿಗೆ ಕೃಷ್ಣರಾಜ ಮಾರುಕಟ್ಟೆಯೇ ಹಳ್ಳ. ಹೂವಿನ ಮಂಡಿಯ ಹತ್ತಿರದ ನೆಲ ನೋಡಿದವರಿಗೆ ಗೊತ್ತು: ಕೊಳೆತ ಎಲೆ, ಬಾಳೆದಿಂಡು, ನೀರು, ಕೆಸರು. ಅದರ ಮೇಲೆ ಹಿಂದಿನಿಂದ ಜನ ನೂಕುತ್ತಾರೆ, ಎದುರಿನಿಂದ ತಲೆಹೊರೆಯವರು "ಸೈಡ್, ಸೈಡ್" ಎಂದು ನುಗ್ಗುತ್ತಾರೆ. ಇವರು ಎದೆಗೆ ಚೀಲ ಕಟ್ಟಿ, ಅದರಲ್ಲಿ ಹಸಿಮೆಣಸಿನಕಾಯಿ ಕೊತ್ತಂಬರಿ ತುಂಬಿಕೊಂಡು, ಜನಕ್ಕೆ ಮೈಯನ್ನು ಅಡ್ಡ ತಿರುಗಿಸಿ, ಕೋಲೂರಿ ಒಂದೊಂದೇ ಹೆಜ್ಜೆ ಇಡುತ್ತಿದ್ದರು. "ನೀರಿಗೆ ಎದೆ ಕೊಡಬಾರದು, ಪಕ್ಕ ಕೊಡ್ಬೇಕು. ಮೊದಲು ಕೋಲು, ಆಮೇಲೆ ಕಾಲು" ಎಂದು ನನಗೆ ಪಾಠ ಬೇರೆ. ಸೇವಂತಿಗೆ ಮಾರುವವರು ಇವರನ್ನು ನೋಡಿ ನಗುತ್ತಿದ್ದರು. ನಾನು ಹಿಂದೆ ಉಳಿದು, ಇವರು ನನಗೇನೂ ಆಗಬೇಕಾದವರಲ್ಲ ಎಂಬ ಹಾಗೆ ಬರುತ್ತಿದ್ದೆ. ಈಗ ಅನಿಸುತ್ತದೆ, ನನ್ನ ಸಂಸಾರದ ಒಳ್ಳೆಯ ದಿನಗಳು ಅವೇ. ಆಗ ಹಾಗೆ ಅನಿಸಿರಲಿಲ್ಲ, ಮಾನ ಹೋಗುತ್ತಿದೆ ಎಂದು ಅನಿಸುತ್ತಿತ್ತು.

ನಿವೃತ್ತರಾದ ಮೇಲೆ ಒಂದು ವರ್ಷ ಸುಳ್ಳು ನೊಣಕ್ಕೆ ದಾರ ಪೋಣಿಸಲು ಇವರ ಕೈಯಲ್ಲಿ ಆಗಲಿಲ್ಲ. ಕನ್ನಡಕ ಬದಲಾಯಿಸಿದೆವು. ಕನ್ನಡಕದ ತಪ್ಪಲ್ಲ. ಬಲಗೈ ತನ್ನಷ್ಟಕ್ಕೆ ತಾನೇ, ಮಾತ್ರೆ ಉರುಳಿಸುವ ಹಾಗೆ ಆಡುತ್ತಿತ್ತು. ಡಾಕ್ಟರು ನಡೆದು ತೋರಿಸಿ ಎಂದರು, ಕೈ ಮಡಿಸಿ ಬಿಡಿಸಿ ಎಂದರು. ಆಮೇಲೆ ನಡುಕದ ರೋಗ ಎಂದರು. ಔಷಧಿಯಿಂದ ತಡೆಯಬಹುದು, ವಾಸಿ ಮಾಡಲಾಗದು ಎಂದು ನಿಧಾನವಾಗಿ, ಒಳ್ಳೆಯ ಮಾತಿನಲ್ಲೇ ಹೇಳಿದರು. ಇವರು ಕೇಳಿದ್ದು ಒಂದೇ ಪ್ರಶ್ನೆ: "ನೀರಲ್ಲಿ ನಿಲ್ಬಹುದಾ?" ಡಾಕ್ಟರು ಸ್ನಾನದ ವಿಷಯ ಎಂದುಕೊಂಡು, ಸ್ಟೂಲ್ ಹಾಕಿಕೊಂಡು ಕೂತು ಮಾಡಿ ಎಂದರು.

ಅದಾದ ಮೇಲೂ ಸ್ವಲ್ಪ ಕಾಲ ಮಾರುಕಟ್ಟೆಗೆ ಹೋಗುತ್ತಿದ್ದೆವು. ಒಂದು ಬೆಳಿಗ್ಗೆ ಮಂಡಿಯ ನಡುವೆ ಇವರು ನಿಂತುಬಿಟ್ಟರು. ಪಾದ ನೆಲಕ್ಕೆ ಅಂಟಿಕೊಂಡ ಹಾಗೆ. ಹಿಂದಿನವರು ಬೈಯತೊಡಗಿದರು. ಹತ್ತಿರ ಹೋದೆ.

"ಹೆಜ್ಜೆ ಬರ್ತಾ ಇಲ್ಲ ಕಣೇ."

"ಮೊದಲು ಕೋಲು, ಆಮೇಲೆ ಕಾಲು" ಎಂದೆ. ಸುಮ್ಮನೆ, ಬಾಯಿಗೆ ಬಂದದ್ದು.

ಕೋಲು ಮುಂದಿಟ್ಟರು. ಕಾಲು ಬಂತು. ಮತ್ತೆ ಕೋಲು, ಮತ್ತೆ ಕಾಲು. ನಾನು ಜನರ ನಡುವೆ ಮಂತ್ರದ ಹಾಗೆ ಅದನ್ನೇ ಹೇಳುತ್ತ, ಆಟೋ ಸಿಗುವವರೆಗೆ ಅವರನ್ನು ನಡೆಸಿಕೊಂಡು ಬಂದೆ. ಆವತ್ತು ನನಗೆ ಹುಚ್ಚು ಆಸೆ ಹುಟ್ಟಿತು. ಮಾರುಕಟ್ಟೆ ದಾಟಿದವರು ಹಳ್ಳ ದಾಟಲಾರರೇ? ಅವರಿಗೆ ಇನ್ನೊಂದು ಸಲ ಆ ನೀರಿನಲ್ಲಿ ನಿಲ್ಲಬೇಕಿತ್ತು. ನನಗೆ ಹಳ್ಳ ಎಂದರೆ ಏನೂ ಇರಲಿಲ್ಲ, ನಾನು ಅದನ್ನು ನೋಡಿಯೂ ಇಲ್ಲ. ಹಳ್ಳ ಎನ್ನುವಾಗ ಅವರ ಮುಖ ಹೇಗಾಗುತ್ತಿತ್ತೋ, ಆ ಮುಖ ನನಗೆ ಬೇಕಿತ್ತು.

ಸ್ನೇಹಿತರನ್ನು ನಾನೇ ಫೋನು ಮಾಡಿ ಕರೆದೆ. ಅವರು ಬಂದು, ಕಾಫಿ ಕುಡಿದು, ಲೋಟ ಕೆಳಗಿಟ್ಟರು. ಆಮೇಲೆ ಹೇಳಿದರು: "ಅತ್ತಿಗೆ, ನಾನು ಪಕ್ಕದಲ್ಲೇ ಇರ್ತೀನಿ, ಕೈ ಬಿಡಲ್ಲ. ಆದ್ರೂ ಬಿದ್ರೆ ಚೀಲ ಅವನೇ ಬಿಚ್ಕೋಬೇಕು. ಒಂದೇ ಎಳೆತಕ್ಕೆ. ಅದಾದ್ರೆ ಈ ವರ್ಷಾನೇ ಹೋಗಣ. ಆಗ್ಲಿಲ್ಲ ಅಂದ್ರೆ ನಾನು ನೀರಿಗೆ ಇಳಿಸಲ್ಲ. ಒಂದ್ಸಲ ಚಾಕು ತೆಗ್ದಿದೀನಿ, ನಂಗೂ ವಯಸ್ಸಾಯ್ತು."

ಮಳೆಗಾಲ ಮುಗಿಯುವವರೆಗೆ ಸಮಯವಿತ್ತು. ನಾನು ಮಿಷನ್ನಿನ ಮುಂದೆ ಕೂತೆ. ಪ್ಲಾಸ್ಟಿಕ್ ಬಕಲ್ ಹಾಕಿದೆ. ಒತ್ತಬೇಕಾದಲ್ಲಿ ಬೆರಳು ನಿಲ್ಲಲಿಲ್ಲ. ಚರ್ರೆಂದು ಕೀಳುವ ವೆಲ್ಕ್ರೋ ಹೊಲಿದೆ. ನೀರು ತುಂಬಿದ ಚೀಲದ ಭಾರಕ್ಕೆ ಅದು ತಾನೇ ಕಿತ್ತು ಬಂತು. ತಿರುಗಿ ಜೀರುಗುಣಿಕೆಗೇ ಬಂದೆವು. ಔಷಧಿ ಹಿಡಿದ ಹೊತ್ತಿನಲ್ಲಿ ಕೈ ಸ್ವಲ್ಪ ಮಾತು ಕೇಳುತ್ತಿತ್ತು. ಆಗ ಇವರು ಅಂಗಳದಲ್ಲಿ ನಿಂತು ಕೆಂಪು ತಲೆ ಹಿಡಿದು ಎಳೆಯುವರು. ಕೆಲವು ಸಲ ಸರಕ್. ಆ ದಿನ ನಾನು ಪಾಯಸ ಮಾಡುತ್ತಿದ್ದೆ. ಹೆಚ್ಚು ಪಾಯಸ ಮಾಡಿದ ನೆನಪಿಲ್ಲ.

ಸ್ನೇಹಿತರು ಮತ್ತೆ ಬಂದದ್ದು ಮಳೆ ನಿಂತು ಬಿಸಿಲು ಬಿದ್ದ ಒಂದು ಬೆಳಿಗ್ಗೆ. ಇವರು ಬೇಗ ಎದ್ದು ಷೇವ್ ಮಾಡಿಸಿಕೊಂಡಿದ್ದರು, ನನ್ನ ಕೈಯಲ್ಲಿ. ಅಂಗಳದಲ್ಲಿ ರಬ್ಬರ್ ಷರಾಯಿ ತೊಡಿಸಿ, ಸೊಂಟದ ಪಟ್ಟಿ ಬಿಗಿದು, ಚೀಲ ಕಟ್ಟಿದೆವು. ಸ್ನೇಹಿತರು ನಲ್ಲಿಯಿಂದ ಬಕೆಟ್ ತುಂಬಿ ತಂದು ಚೀಲದೊಳಕ್ಕೆ ನೀರು ಸುರಿದರು. ಒಣ ಚೀಲ ಬಿಚ್ಚುವುದು ಬೇರೆ, ಒದ್ದೆ ಚೀಲ ಬೇರೆ ಎಂದರು. ತಳದ ತೂತಿನಿಂದ ನೀರು ಸುರಿಯುತ್ತಿದ್ದರೂ ಪಟ್ಟಿ ಬಿಗಿಯಿತು. ಇವರ ಎದೆ ಮುಂದಕ್ಕೆ ಬಾಗಿತು.

"ಎಳಿ ಗುರು."

ಕೈ ಎದ್ದಿತು. ಕೆಂಪು ತಲೆ ಸಿಕ್ಕಿತು. ಸಿಕ್ಕಿದ ತಕ್ಷಣ ಕೈ ಜೋರಾಗಿ ನಡುಗಿತು, ಆ ನಡುಕದಲ್ಲಿ ಗೊಂಬೆಯ ತಲೆ ಕುಣಿಕೆಯೊಳಕ್ಕೆ ನುಸುಳಿತು. ನಾನು ನೋಡಿದೆ. "ರೀ, ತಾಳಿ" ಎನ್ನುವಷ್ಟರಲ್ಲಿ ಎಳೆದೇಬಿಟ್ಟರು. ಲಾಡಿ ಕಟ್ಟಿಕೊಳ್ಳುವ ಎಲ್ಲರಿಗೂ ಗೊತ್ತು ಆಮೇಲೆ ಏನಾಗುತ್ತದೆ ಎಂದು. ತುದಿ ಕುಣಿಕೆಯೊಳಗೆ ಹೋದ ಮೇಲೆ ಎಳೆದಷ್ಟೂ ಬಿಗಿ. ಕಗ್ಗಂಟು.

ಎಳೆಯುತ್ತಲೇ ಇದ್ದರು. ಮುಖ ಕೆಂಪಾಯಿತು. ಸ್ನೇಹಿತರು ಮೆಲ್ಲಗೆ ಅವರ ಕೈ ಹಿಡಿದು ನಿಲ್ಲಿಸಿದರು.

"ಇನ್ನೊಂದ್ಸಲ" ಎಂದರು ಇವರು.

"ನೀರು ಇನ್ನೊಂದ್ಸಲ ಅನ್ನೋಕೆ ಬಿಡಲ್ಲ ಗುರು."

ಆ ಮನುಷ್ಯನ ಮೇಲೆ ನನಗೆ ಬಂದ ಸಿಟ್ಟು ಹೇಳತೀರದು. ಬಕೆಟ್ಟಿನಲ್ಲಿ ಉಳಿದ ನೀರನ್ನು ಅವರ ತಲೆಯ ಮೇಲೆ ಸುರಿಯಬೇಕೆನಿಸಿತು. ಅವರ ಕಣ್ಣಿನಲ್ಲೂ ನೀರಿತ್ತು, ಅದನ್ನು ನೋಡಿದ ಮೇಲೆ ಸಿಟ್ಟಿಗೂ ಜಾಗವಿಲ್ಲದಂತಾಯಿತು. "ದಡದಲ್ಲಿ ಕೂತ್ಕೋ ಬಾ, ನಾನು ಹಿಡಿತೀನಿ, ನೀನು ನೋಡು" ಎಂದರು ಅವರು.

"ದಡದಲ್ಲಿ ಕೂರೋಕೆ ಅಷ್ಟು ದೂರ ಯಾಕೆ? ಇಲ್ಲೇ ಕೂರ್ತೀನಿ."

ನಾನು ಇನ್ನೊಂದು ಬಗೆಯಲ್ಲಿ ಹೊಲಿಯುತ್ತೇನೆ ಎಂದೆ. ಗೊಂಬೆಯ ತಲೆ ದೊಡ್ಡದಿಟ್ಟರೆ ಕುಣಿಕೆಯೊಳಗೆ ನುಸುಳುವುದಿಲ್ಲ ಎಂದೆ. "ಸಾಕು ಬಿಡು" ಎಂದರು ಇವರು. ಆ ಕಗ್ಗಂಟನ್ನು ನಾನು ಹಲ್ಲಿನಿಂದ ಕಚ್ಚಿ ಬಿಡಿಸಿದೆ. ಕತ್ತರಿಸಲು ಮನಸ್ಸಾಗಲಿಲ್ಲ.

ಅಲ್ಲಿಂದೀಚೆಗೆ ಇವರು ವರಾಂಡದ ಕುರ್ಚಿಯಲ್ಲಿ ಕೂರುತ್ತಾರೆ. ರಸ್ತೆಯಲ್ಲಿ ಸ್ಕೂಟರು, ತರಕಾರಿ ಗಾಡಿ, ಸ್ಕೂಲ್ ವ್ಯಾನು ಹರಿದು ಹೋಗುತ್ತಲೇ ಇರುತ್ತವೆ. ಅವನ್ನೇ ನೋಡುತ್ತಾರೆ. ಮಾತು ಕಡಿಮೆಯಾಗಿದೆ. 'ಮೊದಲು ಕೋಲು' ಎಂದರೂ ಕಾಲು ಈಗ ಬರುವುದಿಲ್ಲ. ಆದರೆ ಏಳಬೇಕೆಂಬ ಮನಸ್ಸು ಮಾತ್ರ ಹೋಗಿಲ್ಲ. ನಾನು ಅಡುಗೆಮನೆಯಲ್ಲಿದ್ದಾಗ ಎದ್ದು ಬಿದ್ದರು. ಮತ್ತೊಮ್ಮೆ ಬಿದ್ದಾಗ ಹಣೆ ಒಡೆಯಿತು. ಮಲ್ಲೇಶ್ವರದಿಂದ ಮಗಳು ಓಡಿ ಬಂದು ಅತ್ತಳು. ಮನೆಗೆ ಬಂದು ವ್ಯಾಯಾಮ ಮಾಡಿಸುವ ಹುಡುಗಿ ನನ್ನನ್ನು ಪಕ್ಕಕ್ಕೆ ಕರೆದು, "ಆಂಟಿ, ಕುರ್ಚಿಗೆ ಬೆಲ್ಟ್ ಹಾಕ್ಬಿಡಿ. ಅಂಕಲ್ ಕೈಗೆ ಸಿಗದ ಹಾಗೆ ಹಿಂದ್ಗಡೆ ಕಟ್ಟಿ. ಇಲ್ದಿದ್ರೆ ಸೊಂಟ ಮುರ್ಕೋತಾರೆ" ಎಂದಳು. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಮನೆಯಲ್ಲಿ ಅಷ್ಟು ಅಗಲದ, ಮೈಗೆ ಒತ್ತದ ಪಟ್ಟಿ ಇದ್ದದ್ದು ಒಂದೇ. ಟ್ರಂಕು ತೆಗೆದು ಸೊಂಟದ ಪಟ್ಟಿ ತಂದೆ. ಅವರ ಹೊಟ್ಟೆಯ ಮೇಲೆ ಹಾಯಿಸಿ, ಕುರ್ಚಿಯ ಬೆನ್ನ ಹಿಂದೆ ಹೋಗಿ, ನೆಲದ ಮೇಲೆ ಕೂತು ಗಂಟು ಹಾಕಿದೆ. ಎಷ್ಟೋ ವರ್ಷಗಳ ಮೇಲೆ ಹಾಕಿದ ಬ್ರಹ್ಮಗಂಟು. ಕೈ ಮರೆತಿರಲಿಲ್ಲ.

ಇವರು ತಲೆ ತಿರುಗಿಸದೆ ಕೇಳಿದರು. "ಯಾವ ಗಂಟು ಹಾಕ್ದೆ?"

"ಜೀರುಗುಣಿಕೆ."

"ಎಳೆದ್ರೆ ಬಿಚ್ಕೊಳುತ್ತೆ ತಾನೆ?"

"ಬಿಚ್ಕೊಳುತ್ತೆ."

"ತುದಿ ಎಲ್ಲಿ?"

ನಾನು ಒಳಗೆ ಹೋಗಿ ಮಿಷನ್ನಿನ ಡ್ರಾಯರಿನಿಂದ ಸೂಜಿದಾರ ತೆಗೆದುಕೊಂಡೆ. ಆಮೇಲೆ ಚೀಲದಿಂದ ಆ ಕೆಂಪು ತಲೆಯನ್ನು, ಅದಕ್ಕಿದ್ದ ಗೇಣುದ್ದ ದಾರದ ಸಮೇತ ಬಿಡಿಸಿಕೊಂಡು ಬಂದು, ಅವರ ಬಲಗೈ ತಲುಪುವ ಜಾಗದಲ್ಲಿ, ಪಟ್ಟಿಯ ಮುಂಭಾಗಕ್ಕೆ ಹೊಲಿದೆ. ಅದು ಯಾವ ಗಂಟಿಗೂ ಸೇರಿಲ್ಲ. ಬಟ್ಟೆಗೆ ಹೊಲಿದಿದೆ, ಅಷ್ಟೆ. ಹೊಲಿಯುವಾಗ ಅವರು ನನ್ನ ಸೂಜಿಯನ್ನೇ ನೋಡುತ್ತಿದ್ದರು.

ಈಗ ದಿನವೂ ಕುರ್ಚಿಯಲ್ಲಿ ಕೂರಿಸಿ ಕಟ್ಟಿದ ಕೂಡಲೇ ಅವರ ಕೈ ಆ ಕೆಂಪು ತಲೆಯನ್ನು ಹುಡುಕಿ ಹಿಡಿದುಕೊಳ್ಳುತ್ತದೆ. ಮಧ್ಯಾಹ್ನ ಪೂರ್ತಿ ಹಿಡಿದೇ ಇರುತ್ತಾರೆ. ಹಿಡಿದಷ್ಟು ಹೊತ್ತು ನಡುಕ ಸ್ವಲ್ಪ ಕಡಿಮೆ. ಇವತ್ತಿನವರೆಗೂ ಒಂದು ಸಲವೂ ಅದನ್ನು ಎಳೆದು ನೋಡಿಲ್ಲ.